ನಡುಹಲಗೆ ಬದಲಿಸುವ ಮುಂಚೆ ಒಮ್ಮೆ ಬಿಚ್ಚಿ ನೋಡಿ...

ಸುಮಾರು ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಬರೆಯಲು ಏನೂ ಇರಲಿಲ್ಲ ಅಂತಲ್ಲ, ಎರಡು ತಿಂಗಳು ಕೈಯಲ್ಲಿ ಉಪ್ಪುಕಾಗದ, ಬೆರಳಲ್ಲಿ ಎಪಾಕ್ಸಿ ಅಂಟು. ಕೀಬೋರ್ಡು ಮುಟ್ಟುವ ಸ್ಥಿತಿಯಲ್ಲಿ ಇರಲಿಲ್ಲ :) ಈಗ ಅಂಟು ಬಿಟ್ಟಿದೆ, ತಲೆಯಲ್ಲಿ ಉಳಿದದ್ದನ್ನು ಇಲ್ಲಿ ಇಳಿಸಿಬಿಡುತ್ತೇನೆ. ದೋಣಿಯ ವಿಷಯ ನಮಗೇಕೆ ಅಂತ ಘಟ್ಟದ ಮೇಲಿನ ಗೆಳೆಯರು ಕಿಟಕಿ ಮುಚ್ಚುವ ಮುಂಚೆ ಒಂದು ಮಾತು: ಇದು ಬರೀ ದೋಣಿಯ ವಿಷಯ ಅಲ್ಲ. ನಿಮ್ಮ ಮನೆಯ ಮಿಕ್ಸಿ, ಅಜ್ಜನ ಕುರ್ಚಿ, ನಿಂತುಹೋದ ಗಡಿಯಾರಕ್ಕೂ ಸಂಬಂಧಪಟ್ಟದ್ದೇ.

ನನ್ನ ಗೆಳೆಯನೊಬ್ಬನ ಬಳಿ ಒಂದು ಪುಟ್ಟ ಹಾಯಿದೋಣಿ ಉಂಟು. ಎಂಟರ್‌ಪ್ರೈಸ್ ಅಂತ ಅದರ ಜಾತಿ. 1956ರಲ್ಲಿ ಜಾಕ್ ಹೋಲ್ಟ್ ಎಂಬ ಇಂಗ್ಲೆಂಡಿನವರು ಮಾಡಿದ ವಿನ್ಯಾಸ. ಹದಿಮೂರು ಅಡಿ ಮೂರು ಇಂಚು ಉದ್ದ, ಪ್ಲೈವುಡ್ಡಿನ ಮೈ, ನೀಲಿ ಹಾಯಿ. ಬೇರೆ ಊರಿನಲ್ಲಿ ಮೂಲೆ ಸೇರಿದ್ದನ್ನು ಇವನು ಕೊಂಡು ಲಾರಿಯಲ್ಲಿ ತರಿಸಿ, ಮಟ್ಟು ಕಡೆ ಹೊಳೆ ಬದಿಯ ಒಂದು ತೆಂಗಿನ ತೋಟದಲ್ಲಿ ಇಟ್ಟಿದ್ದಾನೆ. ಹೌದು, ಗುಳ್ಳ ಬದನೆಯ ಮಟ್ಟುವೇ. ನಾನು ಅದರ ಅರ್ಧ ಪಾಲುದಾರ. ಹಣದಲ್ಲಿ ಅಲ್ಲ, ಬೆವರಿನಲ್ಲಿ.

ಈ ದೋಣಿಯ ಹೊಟ್ಟೆಯ ನಡುವೆ ಉದ್ದಕ್ಕೆ ಒಂದು ಸೀಳು, ಸೀಳಿನ ಮೇಲೆ ಒಂದು ಕಿರಿದಾದ ಮರದ ಗೂಡು. ಗೂಡಿನೊಳಗೆ ಒಂದು ಹಲಗೆ, ಮುಂದಿನ ತುದಿಯಲ್ಲಿ ಒಂದು ಬೋಲ್ಟು. ಆ ಬೋಲ್ಟಿನ ಸುತ್ತ ಹಲಗೆ ಚಾಕುವಿನ ಅಲಗಿನ ಹಾಗೆ ಕೆಳಕ್ಕೆ ಇಳಿಯುತ್ತದೆ, ಮೇಲಕ್ಕೆ ಮಡಚುತ್ತದೆ. ಇಂಗ್ಲಿಷಿನಲ್ಲಿ ಸೆಂಟರ್‌ಬೋರ್ಡ್ ಅನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಹೆಸರು ಸಿಗದೆ ನಾನು ನಡುಹಲಗೆ ಅಂತ ಕರೆದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ನಿಮ್ಮಲ್ಲಿ ಇದ್ದರೆ ದಯವಿಟ್ಟು ತಿಳಿಸಿ.

ಇದರ ಕೆಲಸ ಏನು? ಗಾಳಿ ಬದಿಯಿಂದ ಬೀಸಿದರೆ ಹಾಯಿ ದೋಣಿಯನ್ನು ಬದಿಗೇ ತಳ್ಳುತ್ತದೆ. ನೀರಿನೊಳಗೆ ಇಳಿದಿರುವ ಹಲಗೆ ಆ ಬದಿಯ ಜಾರಾಟಕ್ಕೆ ಅಡ್ಡ ನಿಲ್ಲುತ್ತದೆ. ಲೋಳೆ ಹೋಗದ ಹಲಸಿನ ಬೀಜವನ್ನು ಎರಡು ಬೆರಳ ನಡುವೆ ಒತ್ತಿ ನೋಡಿ, ಒತ್ತಿದ್ದು ಬದಿಗಳಿಂದ, ಚಿಮ್ಮಿದ್ದು ಮುಂದಕ್ಕೆ. ಗಾಳಿ ಒಂದು ಬೆರಳು, ನೀರು ಇನ್ನೊಂದು ಬೆರಳು, ದೋಣಿ ಹಲಸಿನ ಬೀಜ. ಹಲಗೆ ಇಲ್ಲದಿದ್ದರೆ ನೀರಿನ ಕಡೆಯ ಬೆರಳೇ ಇಲ್ಲ ಅಂತ ತಿಳಿಯಿರಿ. ಗಾಳಿ ಹಿಂದಿನಿಂದ ಬರುವಾಗ ಹಲಗೆ ಬೇಡ, ಎತ್ತಿ ಇಡಬಹುದು. ಗಾಳಿಗೆ ಎದುರಾಗಿ ಓರೆಯೋರೆಯಾಗಿ ಹತ್ತುವಾಗ ಮಾತ್ರ ಅದಿಲ್ಲದೆ ಒಂದು ಮಾರು ಕೂಡ ಗಿಟ್ಟುವುದಿಲ್ಲ.

ಇನ್ನೂ ಒಂದು ಕೆಲಸ ಉಂಟು. ದೋಣಿ ಮಗುಚಿದರೆ ಈಜಿ ಹೋಗಿ ಈ ಹಲಗೆಯ ಮೇಲೆ ಹತ್ತಿ ನಿಂತು, ಮೈಭಾರ ಹಾಕಿ ದೋಣಿಯನ್ನು ನೆಟ್ಟಗೆ ಮಾಡಬೇಕು. ಅಂದರೆ ಹಲಗೆ ಒಳಗೇ ಸಿಕ್ಕಿಕೊಂಡಿದ್ದರೆ ಹತ್ತಿ ನಿಲ್ಲಲು ಜಾಗವೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಳೆದ ಡಿಸೆಂಬರಿನ ಒಂದು ಭಾನುವಾರ. ನಾವು ಮೂವರು. ಗೆಳೆಯ, ನಾನು, ಏಳನೇ ಕ್ಲಾಸಿನ ಅವನ ಮಗಳು. ಮೂವರಿಗೂ ಲೈಫ್ ಜಾಕೆಟ್ ಇತ್ತು, ಅದೊಂದು ಬುದ್ಧಿ ಇತ್ತು ನಮಗೆ. ಉದ್ಯಾವರ ಹೊಳೆ ಸಮುದ್ರಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಹರಿದು ಮಲ್ಪೆಯಲ್ಲಿ ಸೇರುತ್ತದಲ್ಲ, ಬೆಳಿಗ್ಗೆ ಆ ದಾರಿಯಲ್ಲೇ ಹೋಗಿ ಅಳಿವೆ ದಾಟಿ ಕಡಲಿಗೆ ಬಂದೆವು. ಮಧ್ಯಾಹ್ನದ ಹೊತ್ತಿಗೆ ವಾಯವ್ಯದ ಗಾಳಿ ಎದ್ದಿತು. ಅದನ್ನು ಬೆನ್ನಿಗೆ ಹಾಕಿಕೊಂಡು, ನಡುಹಲಗೆ ಎತ್ತಿ, ಕಾಪುವಿನ ಕಡೆ ಸೊಗಸಾಗಿ ಬಂದೆವು. ದೀಪಸ್ತಂಭದಿಂದ ಸ್ವಲ್ಪ ದೂರದಲ್ಲಿ ಮರಳಿಗೆ ಹತ್ತಿಸಿ ಇಳಿದು, ಕಟ್ಟಿಕೊಂಡು ಹೋಗಿದ್ದ ಅವಲಕ್ಕಿ ತಿಂದೆವು. 1901ರ ಆ ದೀಪಸ್ತಂಭವನ್ನು ನೀರಿನ ಕಡೆಯಿಂದ ನೋಡುವುದೇ ಬೇರೆ. ಬಂಡೆಯ ಮೇಲೆ ಯಾಕೆ ಕಟ್ಟಿದರು, ಯಾರಿಗಾಗಿ ಕಟ್ಟಿದರು ಅಂತ ಒಮ್ಮೆಗೇ ಅರ್ಥವಾಗುತ್ತದೆ.

ನಾವು ಅವಲಕ್ಕಿ ತಿನ್ನುವಾಗ ಅಲೆಯ ನೊರೆ ದೋಣಿಯ ಹೊಟ್ಟೆಯನ್ನು ಮರಳಿನ ಮೇಲೆ ಹಿಂದೆ ಮುಂದೆ ಉಜ್ಜುತ್ತಾ ಇತ್ತು. ಪ್ರತಿ ಉಜ್ಜಿಗೂ ಒಂದಿಷ್ಟು ಮರಳು, ಚಿಪ್ಪಿನ ಚೂರು ಸೀಳಿನೊಳಗೆ. ಅದು ಗೊತ್ತಾದದ್ದು ವಾಪಸ್ ಹೊರಟ ಮೇಲೆ. ಈಗ ಗಾಳಿ ಎದುರು. ಹಲಗೆ ಇಳಿಸಬೇಕು. ಹಿಡಿ ಹಿಡಿದು ತಳ್ಳಿದೆ, ಅಲ್ಲಾಡಲಿಲ್ಲ. ಗೆಳೆಯ ಕಾಲಿನಿಂದ ಒದ್ದ, ಅಲ್ಲಾಡಲಿಲ್ಲ. ಅಷ್ಟರಲ್ಲಿ ದೋಣಿ ಏಡಿಯ ಹಾಗೆ ಅಡ್ಡಡ್ಡಕ್ಕೆ ಜಾರತೊಡಗಿತು. ಯಾವ ಕಡೆಗೆ? ದಡದ ಕಡೆಗೆ, ಬಂಡೆಯ ಕಡೆಗೆ. ಹುಡುಗಿ ಒಂದು ಮಾತೂ ಆಡಲಿಲ್ಲ, ಅಪ್ಪನ ಮುಖ ನೋಡುತ್ತಾ ಕೂತಿದ್ದಳು. ಅವಳು ಅತ್ತಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ದೂರದಲ್ಲಿದ್ದ ಒಂದು ನಾಡದೋಣಿಯವರು ನಮ್ಮ ಅವಸ್ಥೆ ನೋಡಿ ಬಂದು ಹಗ್ಗ ಎಸೆದರು. ಅವರಲ್ಲಿ ಹಿರಿಯರೊಬ್ಬರು ತುಳುವಿನಲ್ಲಿ ಕೇಳಿದ್ದನ್ನು ಕನ್ನಡಕ್ಕೆ ಇಳಿಸಿದರೆ ಹೀಗೆ: "ಎಂತ ಮಾರಾಯ್ರೆ, ಸಣ್ಣ ಹುಡುಗಿಯನ್ನು ಕೂರಿಸಿಕೊಂಡು ಈ ಗಾಳಿಗೆ ಬಟ್ಟೆ ಕಟ್ಟಿಕೊಂಡು ಎಲ್ಲಿಗೆ ಹೊರಟದ್ದು?" ಉತ್ತರ ನಮ್ಮಲ್ಲಿ ಇರಲಿಲ್ಲ. ಡೀಸೆಲ್‌ಗೆ ಅಂತ ಹಣ ಕೊಡಲು ಹೋದರೆ ಬೈದರು.

ಅಂದಿನಿಂದ ಶುರುವಾಯಿತು ನೋಡಿ ಚರ್ಚೆ. ಗೆಳೆಯನ ಮನೆಯಾಕೆಯ ತೀರ್ಪು: ದೋಣಿ ಮಾರಿ. ಗೆಳೆಯನ ತೀರ್ಪು: ಹಲಗೆ ಹಾಳಾಗಿದೆ, ಹೊಸದು ತರಿಸುತ್ತೇನೆ, ಮರದ್ದು ಬೇಡ, ಫೈಬರಿನದ್ದೇ ಇರಲಿ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಅವನ ಅಕ್ಕನ ಮಗನದ್ದು ಇನ್ನೊಂದು ಸಲಹೆ: ಈ ಇಳಿಸುವುದು ಎತ್ತುವುದೇ ಬೇಡ ಮಾಮ, ಅಡಿಗೆ ಒಂದು ಕಬ್ಬಿಣದ ರೆಕ್ಕೆ ಶಾಶ್ವತವಾಗಿ ಬೆಸೆದುಬಿಡಿ. ವಾಟ್ಸಾಪಿನಲ್ಲಿ ಬಂದ ಸಲಹೆಗಳನ್ನು ಬರೆಯುತ್ತಾ ಹೋದರೆ ಇದು ಧಾರಾವಾಹಿ ಆದೀತು.

ನನ್ನದು ಒಂದೇ ಮಾತು. ಮೊದಲು ಬಿಚ್ಚಿ ನೋಡುವ.

ಇದನ್ನೇ ಇಲ್ಲಿ ವಾದವಾಗಿ ಮಂಡಿಸುತ್ತಿದ್ದೇನೆ. ಯಾವ ವಸ್ತು ಕೈಕೊಟ್ಟರೂ ನಮ್ಮ ಬಾಯಿಗೆ ಮೊದಲು ಬರುವುದು 'ಹೊಸದು ತಗೊಳ್ಳುವ' ಎಂಬ ಮಾತು. ಅದು ಧಾರಾಳತನ ಅಲ್ಲ, ಸೋಮಾರಿತನವೂ ಅಲ್ಲ. ಹಾಳಾದದ್ದು ಯಾಕೆ ಹಾಳಾಯಿತು ಅಂತ ನೋಡುವ ಧೈರ್ಯ ಇಲ್ಲದಿರುವುದು. ಯಾಕೆಂದರೆ ನೋಡಿದರೆ ಅನೇಕ ಸಲ ನಮ್ಮ ತಪ್ಪೇ ಕಾಣುತ್ತದೆ.

ನಮಗೂ ಹಾಗೇ ಕಂಡಿತು. ದೋಣಿಯನ್ನು ಹಳೆ ಟಯರುಗಳ ಮೇಲೆ ಬದಿಗೆ ವಾಲಿಸಿ, ಬೋಲ್ಟು ಬಿಚ್ಚಿ (ಅದಕ್ಕೇ ಅರ್ಧ ದಿನ ಹಿಡಿಯಿತು), ಹಲಗೆಯನ್ನು ಕೆಳಗಿನಿಂದ ಎಳೆದು ತೆಗೆದೆವು. ಮರಳಂತೂ ಇತ್ತು, ಒಂದು ಬೊಗಸೆ. ಆದರೆ ಮರಳೊಂದೇ ಕಳ್ಳ ಅಲ್ಲ. ಬೋಲ್ಟಿನ ತೂತಿನ ಸುತ್ತ ಬಣ್ಣ ಸವೆದು ಬರೀ ಮರ ಕಾಣುತ್ತಿತ್ತು. ಎರಡು ಮಳೆಗಾಲ ನಾವು ಹಲಗೆಯನ್ನು ಗೂಡಿನೊಳಗೇ ಬಿಟ್ಟು, ಮೇಲೆ ತಾಡಪಾಲು ಹೊದೆಸಿ ಮನೆಗೆ ಹೋಗಿದ್ದೆವು. ಆ ತೂತಿನಿಂದ ನೀರು ಕುಡಿದು ಕುಡಿದು ಹಲಗೆ ಉಬ್ಬಿತ್ತು. ಉಬ್ಬಿದ ಹಲಗೆಗೂ ಗೂಡಿಗೂ ನಡುವೆ ಉಳಿದದ್ದು ಪೋಸ್ಟ್‌ಕಾರ್ಡಿನಷ್ಟು ಸಂದು. ಅದರಲ್ಲಿ ನಾಲ್ಕು ಕಾಳು ಮರಳು ಕೂತರೆ ಬೆಣೆ ಹೊಡೆದ ಹಾಗೆಯೇ. ಗೆಳೆಯ ಹೇಳಿದಂತೆ ಫೈಬರಿನ ಹೊಸ ಹಲಗೆ ತರಿಸಿದ್ದರೂ ಮರಳು ಮರಳೇ. ಮುಂದಿನ ಅವಲಕ್ಕಿಗೆ ಮತ್ತೆ ಸಿಕ್ಕಿಕೊಳ್ಳುತ್ತಿತ್ತು.

ಕಾರ್ಕಳದ ಕಡೆಯ ಒಬ್ಬರು ಆಚಾರ್ರಿಗೆ ತೋರಿಸಿದೆವು. ಮನೆ, ಬಾಗಿಲು ಕೆಲಸ ಮಾಡುವವರು, ದೋಣಿ ಅವರ ಕಸುಬಲ್ಲ. ಆದರೆ ಮರ ಮರವೇ ತಾನೆ? ಬೆರಳಿನ ಗೆಣ್ಣಿನಿಂದ ಹಲಗೆಯ ಉದ್ದಕ್ಕೂ ಬಡಿಯುತ್ತಾ ಹೋದರು. ಒಂದು ಕಡೆ ಸದ್ದು ಬದಲಾಯಿತು, ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಆಮೇಲೆ ಹೇಳಿದರು: "ಮರ ಸತ್ತದ್ದಲ್ಲ, ನೀರು ಕುಡ್ದದ್ದು. ನೆರಳಲ್ಲಿ ಒಣಗಲಿಕ್ಕೆ ಬಿಡಿ. ಬಿಸಿಲಿಗೆ ಹಾಕಿದ್ರೆ ತಿರುಚ್ತದೆ." ಇಷ್ಟು ಹೇಳಲಿಕ್ಕೆ ಅವರು ಹಣ ತೆಗೆದುಕೊಳ್ಳಲಿಲ್ಲ. ಆದರೆ ಈ ಹಲಗೆ ನೀರಿನಲ್ಲಿ ಏನು ಮಾಡುತ್ತದೆ ಅಂತ ಅರ್ಧ ಗಂಟೆ ನನ್ನಿಂದ ಕೇಳಿ ತಿಳಿದುಕೊಂಡರು. ಹಲಸಿನ ಬೀಜದ ಕತೆ ಅವರಿಗೆ ಹಿಡಿಸಿತು.

ಇನ್ನು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮ ಬ್ಲಾಗುಗಳಲ್ಲಿ ಮಳೆ, ನೆನಪು, ಅಜ್ಜಿಮನೆ ಬೇಕಾದಷ್ಟು ಇವೆ (ನನ್ನದರಲ್ಲೂ!). ಕನ್ನಡದಲ್ಲಿ ಹೀಗೊಂದು ಕೆಲಸದ ವಿವರವೂ ಇರಲಿ.

ಮೊದಲು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಉಪ್ಪು ಬಿಡಿಸಬೇಕು. ಉಪ್ಪು ಉಳಿದರೆ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಮರ ಒಣಗುವುದಿಲ್ಲ. ಆಮೇಲೆ ನೆರಳಿನಲ್ಲಿ, ಎರಡೂ ಮುಖಕ್ಕೆ ಗಾಳಿ ಆಡುವಂತೆ ನಿಲ್ಲಿಸಿ ಒಣಗಿಸುವುದು. ನಮ್ಮ ಊರಿನಲ್ಲಿ ಇದು ಡಿಸೆಂಬರಿನಿಂದ ಫೆಬ್ರವರಿ ಒಳಗೆ ಮಾಡುವ ಕೆಲಸ. ಜೂನಿನಲ್ಲಿ ನಮ್ಮ ಬಟ್ಟೆಯೇ ಒಣಗುವುದಿಲ್ಲ, ಹಲಗೆ ಎಲ್ಲಿ ಒಣಗೀತು. ಮನೆಯ ಅಡುಗೆಕೋಣೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ನೋಡಿದೆವು. ಈ ಉಪಾಯ ಹುಡುಗಿಯದ್ದು. ತೂಕ ಇಳಿಯುವುದು ನಿಂತಿತು ಅಂದರೆ ಒಣಗಿತು ಅಂತ ಅರ್ಥ.

ಆಮೇಲೆ ಹಳೆ ಬಣ್ಣ ಹೆರೆದು, ಮೆತ್ತಗಾದ ಭಾಗ ಕೆತ್ತಿ ತೆಗೆದು ತುಂಬುವುದು. ಇಲ್ಲೊಂದು ಎಚ್ಚರಿಕೆ. ಮಲ್ಪೆಯ ಸುತ್ತಮುತ್ತ ಫೈಬರ್ ಕೆಲಸದವರಿಗೆ ಕೊರತೆ ಇಲ್ಲ, ಕೈ ಚುರುಕಿನವರು. ಆದರೆ ಫೈಬರ್ ದೋಣಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದು ಫೈಬರಿಗೆ ಸರಿ, ಮರಕ್ಕೆ ಅಷ್ಟು ಗಟ್ಟಿಯಾಗಿ ಕಚ್ಚುವುದಿಲ್ಲ, ಕೆಲವು ಕಾಲದ ಮೇಲೆ ಸಿಪ್ಪೆಯ ಹಾಗೆ ಏಳುತ್ತದೆ. ಸಿಪ್ಪೆಯ ಅಡಿಗೆ ನೀರು ಹೋದರೆ ಹೊರಗಿನಿಂದ ಹೊಳೆಯುವ ಹಲಗೆ ಒಳಗಿನಿಂದ ಕೊಳೆಯುತ್ತದೆ. ಮರಕ್ಕೆ ಎಪಾಕ್ಸಿಯೇ ಬೇಕು. ತೇಗದ ಮರವಾದರೆ ಅದರಲ್ಲಿ ಎಣ್ಣೆಯಂಶ ಇರುತ್ತದೆ, ಎಪಾಕ್ಸಿ ಹಚ್ಚುವ ಮುಂಚೆ ಅಸಿಟೋನಿನಿಂದ ಒರೆಸಿಕೊಳ್ಳಬೇಕು. ನೀವು ಮಾಡುವುದಾದರೆ ಕೈಗವಸು ಮರೆಯಬೇಡಿ, ನಾನು ಮರೆತು ಕೆಟ್ಟೆ.

ಬೋಲ್ಟಿನ ತೂತೇ ಮುಖ್ಯ. ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಪೂರ್ತಿ ಎಪಾಕ್ಸಿಯಿಂದ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಸರಿಯಾದ ಅಳತೆಯ ತೂತು ಮತ್ತೆ ಕೊರೆಯಬೇಕು. ಆಗ ಬೋಲ್ಟು ತಿರುಗುವುದು ಎಪಾಕ್ಸಿಯ ಬಳೆಯೊಳಗೆ, ಮರಕ್ಕೆ ನೀರು ತಾಗುವುದೇ ಇಲ್ಲ. ಬೋಲ್ಟು ಸಮುದ್ರಕ್ಕೆ ಆಗುವ 316 ದರ್ಜೆಯ ಸ್ಟೀಲಿನದ್ದು ಇರಲಿ. ಹಲಗೆ ಅಲ್ಯುಮಿನಿಯಮ್ಮಿನದಾದರೆ ಮಾತ್ರ ಜಾಗ್ರತೆ. ಉಪ್ಪುನೀರಿನಲ್ಲಿ ಸ್ಟೀಲೂ ಅಲ್ಯುಮಿನಿಯಮ್ಮೂ ಒಂದಕ್ಕೊಂದು ತಾಗಿಕೊಂಡಿದ್ದರೆ ಬ್ಯಾಟರಿಯ ಹಾಗಾಗಿ ಅಲ್ಯುಮಿನಿಯಂ ತಿಂದುಹೋಗುತ್ತದೆ, ನಡುವೆ ನೈಲಾನ್ ಬುಶ್ ಹಾಕಬೇಕು.

ಹಲಗೆಯ ಮುಂದಿನ ಅಂಚು ದುಂಡಗೆ, ಹಿಂದಿನ ಅಂಚು ತೆಳ್ಳಗೆ. ಮೀನಿನ ಮೈಯ ಹಾಗೆ. ಇದು ಚಂದಕ್ಕಲ್ಲ, ನೀರಿನಲ್ಲಿ ಹಲಗೆ ಹಕ್ಕಿಯ ರೆಕ್ಕೆಯಂತೆ ಕೆಲಸ ಮಾಡುವುದರಿಂದ. ಕೊನೆಗೆ ಗೂಡಿನ ಅಗಲ ಅಳೆದು ಎರಡೂ ಕಡೆ ಎರಡು ಮೂರು ಮಿಲಿಮೀಟರ್ ಸಂದು ಉಳಿಯುವಂತೆ ನೋಡಿಕೊಂಡೆವು. ಒಂದೊಂದು ಕೋಟಿಂಗೂ ದಪ್ಪ ಹೆಚ್ಚಿಸುತ್ತದೆ, 'ಇನ್ನೊಂದು ಕೋಟು ಇರಲಿ' ಎಂಬ ಆಸೆಯೇ ಮುಂದಿನ ಸಲ ಸಿಕ್ಕಿಕೊಳ್ಳಲು ಕಾರಣವಾಗುತ್ತದೆ. ಸೀಳಿನ ಅಡಿಗೆ, ಉದ್ದಕ್ಕೆ, ಹಳೆ ಲಾರಿ ಟ್ಯೂಬಿನ ಎರಡು ಪಟ್ಟಿಗಳನ್ನು ತುಟಿಯ ಹಾಗೆ ಕೂಡುವಂತೆ ಕೂರಿಸಿದೆವು. ಹಲಗೆ ಇಳಿಯುವಾಗ ತುಟಿ ಬಿಡುತ್ತದೆ, ಎತ್ತಿದಾಗ ಮುಚ್ಚುತ್ತದೆ, ಮರಳು ಸುಲಭಕ್ಕೆ ಒಳಗೆ ಹೋಗುವುದಿಲ್ಲ. ಹಲಗೆಯ ಕೆಳತುದಿಯಲ್ಲಿ ಸಣ್ಣ ತೂತು ಮಾಡಿ ಒಂದು ಹಗ್ಗದ ಕುಣಿಕೆ. ಸಿಕ್ಕಿಕೊಂಡರೆ ದಡದಲ್ಲಿ ಹೊರಗಿನಿಂದಲೂ ಎಳೆಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ನಿಯಮ: ದಡದಿಂದ ಹೊರಟ ಕೂಡಲೇ, ಆಳ ಸಿಕ್ಕಿದ ತಕ್ಷಣ, ಬೇಕಿರಲಿ ಬೇಡದಿರಲಿ ಹಲಗೆಯನ್ನೊಮ್ಮೆ ಪೂರ್ತಿ ಇಳಿಸಿ ಎತ್ತಿ ನೋಡುವುದು. ಇಳಿಯಲಿಲ್ಲವೋ, ಅಲ್ಲಿಂದಲೇ ವಾಪಸ್.

ಹಾಗಾದರೆ ಬದಲಿಸಲೇಬಾರದೇ? ಹಾಗೆ ನಾನು ಹೇಳುವುದಿಲ್ಲ. ದೋಣಿಯ ಹೊಟ್ಟೆಯಿಂದ ಹಲಗೆ ಹೊರಬರುವ ಜಾಗ ಉಂಟಲ್ಲ, ಅಲ್ಲಿ ನಾರಿಗೆ ಅಡ್ಡಲಾಗಿ ಬಿರುಕು ಬಿಟ್ಟಿದ್ದರೆ ತೇಪೆ ಹಾಕಬೇಡಿ. ಮಗುಚಿದ ದಿನ ನೀವು ನಿಲ್ಲುವುದು ಅದರ ಮೇಲೆ, ಆಗ ಅದು ಮುರಿದರೆ ಉಳಿತಾಯದ ಲೆಕ್ಕ ಯಾರಿಗೆ ಕೊಡುತ್ತೀರಿ? ಪ್ಲೈವುಡ್ಡಿನ ಪದರಗಳು ಬಿಟ್ಟುಕೊಂಡಿದ್ದರೂ ಹೊಸದೇ ಮಾಡಿಸಿ. ಹಲಗೆ ಬಿಲ್ಲಿನ ಹಾಗೆ ಬಾಗಿದ್ದರೂ ಅಷ್ಟೆ. ಹುಳ ಕೊರೆದಿದ್ದರೂ ಅಷ್ಟೆ. ಆದರೆ ಇದೆಲ್ಲ ಗೊತ್ತಾಗುವುದು ಬಿಚ್ಚಿ ನೋಡಿದ ಮೇಲೆ ತಾನೆ? ನೋಡಿ ಬದಲಿಸಿದವನಿಗೆ ಹೊಸ ಹಲಗೆಯನ್ನು ಹೇಗೆ ಸಾಕಬೇಕು ಅಂತ ಗೊತ್ತಿರುತ್ತದೆ. ನೋಡದೆ ಬದಲಿಸಿದವನು ಅದನ್ನೂ ಮೊದಲಿನದರ ದಾರಿಗೇ ಕಳಿಸುತ್ತಾನೆ.

ಇಂಜಿನಿಯರ್ ಅಳಿಯನ ಕಬ್ಬಿಣದ ರೆಕ್ಕೆಯ ವಿಷಯಕ್ಕೆ ಬರುತ್ತೇನೆ. ಆಳವಾದ ಬಂದರಿದ್ದರೆ ಅವನ ಮಾತು ಸರಿಯೇ. ನಮ್ಮ ಕರಾವಳಿ ಹಾಗಿಲ್ಲ. ಘಟ್ಟದಿಂದ ಇಳಿದು ಬರುವ ಹೊಳೆಗಳೆಲ್ಲ ಸಮುದ್ರದ ಬಾಗಿಲಿನಲ್ಲಿ ಮರಳು ಸುರಿದು ಕೂರುತ್ತವೆ. ಮಲ್ಪೆಯ ಅಳಿವೆ ನೋಡಿ, ಸೀತಾ ಸುವರ್ಣಾ ಸೇರುವ ಕೋಡಿಬೆಂಗ್ರೆ ನೋಡಿ. ಇಲ್ಲಿ ಅಡಿಯಲ್ಲಿ ಶಾಶ್ವತ ರೆಕ್ಕೆ ಇರುವ ಪುಟ್ಟ ದೋಣಿ ಮರಳದಿಬ್ಬಕ್ಕೆ ಚುಚ್ಚಿ ನಿಲ್ಲುತ್ತದೆ. ಹೊಳೆಯಲ್ಲಿ ಎತ್ತಿ, ಕಡಲಿನಲ್ಲಿ ಇಳಿಸಿ, ದಡಕ್ಕೆ ಬರುವಾಗ ಮತ್ತೆ ಎತ್ತುವ ಹಲಗೆಯೇ ಇಲ್ಲಿಗೆ ಹೇಳಿಸಿದ್ದು.

ಈ ಉಪಾಯವೂ ಅಂತಹ ನೀರಿನಲ್ಲೇ ಹುಟ್ಟಿದ್ದು. 1774ರಲ್ಲಿ ಬಾಸ್ಟನ್ನಿನಲ್ಲಿ ಬ್ರಿಟಿಷ್ ನೌಕಾಧಿಕಾರಿ ಜಾನ್ ಶ್ಯಾಂಕ್ ಮೇಲೆ ಕೆಳಗೆ ಜಾರುವ ಹಲಗೆಯ ದೋಣಿ ಮಾಡಿಸಿದರು. ಅದೇ ತತ್ವದ ಮೂರು ಜಾರುಹಲಗೆಗಳಿದ್ದ 'ಲೇಡಿ ನೆಲ್ಸನ್' ಎಂಬ ಪುಟ್ಟ ಹಡಗು 1800ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಆಳವಿಲ್ಲದ ತೀರಗಳನ್ನು ಶೋಧಿಸಿತು. ಬೋಲ್ಟಿನ ಸುತ್ತ ಮಡಚುವ ಹಲಗೆಗೆ 1811ರಲ್ಲಿ ನ್ಯೂಜೆರ್ಸಿಯ ಸ್ವೇನ್ ಕುಟುಂಬದವರು ಪೇಟೆಂಟ್ ಪಡೆದರು. ಅಷ್ಟು ದೂರ ಯಾಕೆ, ತಮಿಳುನಾಡಿನ ಕಟ್ಟುಮರದವರು ಬದಿಯಲ್ಲಿ ಹಲಗೆ ಇಳಿಸಿ ಗಾಳಿಗೆ ಓರೆಯಾಗಿ ಹೋಗುವುದನ್ನು ತಾವೇ ಕಂಡುಕೊಂಡಿದ್ದರು.

ನಮ್ಮಲ್ಲಿ ಯಾಕೆ ಇದಕ್ಕೆ ಹೆಸರೇ ಇಲ್ಲ ಅಂತ ತುಂಬ ಯೋಚಿಸಿದೆ. ನನಗೆ ತೋಚಿದ್ದು ಇಷ್ಟು. ನಮ್ಮ ಕಡಲಿನಲ್ಲಿ ಮಳೆಗಾಲ ಕಳೆದ ಮೇಲೆ ಬೆಳಗಿನ ಜಾವ ನೆಲದಿಂದ ಕಡಲಿಗೆ ಗಾಳಿ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ ಗಾಳಿ. ಹಾಯಿಯ ಕಾಲದಲ್ಲಿ ಒಂದು ಗಾಳಿಯಲ್ಲಿ ಹೋಗಿ ಇನ್ನೊಂದರಲ್ಲಿ ಬರಬಹುದಿತ್ತು. ಎದುರುಗಾಳಿಯ ಜೊತೆ ಜಗಳಕ್ಕೆ ನಿಲ್ಲುವ ಅಗತ್ಯ ಕಡಿಮೆ. ಗಡಿಯಾರದಂತಹ ಗಾಳಿ ಇರುವಾಗ ಹಲಗೆ ಯಾಕೆ? ನಾವು ಅವಲಕ್ಕಿ ತಿಂದು ತಪ್ಪು ಹೊತ್ತಿಗೆ ತಪ್ಪು ದಿಕ್ಕಿಗೆ ಹೊರಟವರು :(

ಈಗ ನನ್ನ ವಾದದ ಎದುರಿನ ವಾದ. ಇದನ್ನು ನನಗೆ ಹೇಳಿದ್ದು ಒಬ್ಬರು ಮೊಗವೀರ ಗೆಳೆಯರು, ಅವರ ತಂದೆ ರಂಪಣಿಯಲ್ಲಿ ದುಡಿದವರು. "ನಿಮಗೆ ಹಾಯಿ ಅಂದ್ರೆ ಭಾನುವಾರ. ನಮಗೆ ಅದು ಹೊಟ್ಟೆಪಾಡು ಆಗಿತ್ತು. ಇಂಜಿನ್ ಬಂದಾಗ ನಮ್ಮಜ್ಜನ ಹೆಗಲು ಉಳಿಯಿತು." ಎಪ್ಪತ್ತರ ದಶಕದ ನಡುವಿಗೆ ಪರ್ಸೀನ್ ಬಲೆ ಬಂದು ರಂಪಣಿಯನ್ನು ಮೂಲೆಗೆ ತಳ್ಳಿತು, ಆಮೇಲೆ ನಾಡದೋಣಿಗಳಿಗೂ ಔಟ್‌ಬೋರ್ಡ್ ಇಂಜಿನ್ ಬಂತು, ಮರದ ಜಾಗಕ್ಕೆ ಫೈಬರ್ ಬಂತು. ಅದನ್ನು ಬೇಡ ಅನ್ನಲು ನಾನು ಯಾರು? ಮೀನುಗಾರರು ಮತ್ತೆ ಹಾಯಿಗೆ ಮರಳಬೇಕು ಅಂತ ಉಪದೇಶ ಕೊಡುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಅವರು ಬದಲಿಸಿದ್ದು ಬಿಚ್ಚಿ ನೋಡಿಯೇ. ಅಷ್ಟೇ ಅಲ್ಲ, ಜೂನ್ ಜುಲೈಯ ಎರಡು ತಿಂಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದಲ್ಲಿ ಮಲ್ಪೆಗೆ ಹೋಗಿ ನೋಡಿ, ಬಲೆ ಹೆಣೆಯುವವರು, ಹಲಗೆ ಸಂದಿ ಮುಚ್ಚುವವರು, ಇಂಜಿನ್ ಬಿಚ್ಚುವವರು. ರಿಪೇರಿಯ ಸಂಸ್ಕೃತಿ ಇನ್ನೂ ಬದುಕಿರುವುದು ಅಲ್ಲಿಯೇ. ಮರೆತವರು ಪೇಟೆಯಲ್ಲಿ ಕೂತ ನಾವು.

ನನ್ನ ಆತಂಕ ಬೇರೆ. ಮುನ್ನೂರು ಕಿಲೋಮೀಟರಿಗೂ ಉದ್ದದ ಕರಾವಳಿ ಇಟ್ಟುಕೊಂಡು ನಮ್ಮ ಮಕ್ಕಳಿಗೆ ಗಾಳಿ ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಹೇಳಲು ಬರುವುದಿಲ್ಲ. ಕಡಲು ಅಂದರೆ ಬೀಚು, ಬೀಚು ಅಂದರೆ ಸೆಲ್ಫಿ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬೀಳಲಿದ್ದ ಹಳೆ ಮನೆಗಳನ್ನು ಒಂದೊಂದು ತೊಲೆ, ಒಂದೊಂದು ಕಂಬ ಬಿಚ್ಚಿ ತಂದು ಹಸ್ತಶಿಲ್ಪದ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಅಲ್ಲಿಗೆ ಹೋದಾಗಲೆಲ್ಲ ಕೈ ಮುಗಿಯುತ್ತೇನೆ. ಮನೆಯನ್ನು ಹಾಗೆ ಉಳಿಸಬಹುದು. ಆದರೆ ಗಾಳಿಯನ್ನು ಓದುವ ವಿದ್ಯೆಯನ್ನು ತೊಲೆಯ ಹಾಗೆ ಬಿಚ್ಚಿ ತಂದು ಇಡಲು ಆಗುವುದಿಲ್ಲ. ಅದು ಒಂದು ಮೈಯಿಂದ ಇನ್ನೊಂದು ಮೈಗೆ ದಾಟಬೇಕು, ಇಲ್ಲವಾದರೆ ಮುಗಿಯಿತು.

ದಾಟಿಸುವುದು ಅಸಾಧ್ಯ ಅಲ್ಲ. ಸರ್ಫಿಂಗ್ ಅಂತ ಒಂದು ಆಟ 2004ರ ಸುಮಾರಿಗೆ ಮುಲ್ಕಿಯ ಆಶ್ರಮವೊಂದರಲ್ಲಿ ವಿದೇಶಿಯರಿಂದ ಶುರುವಾದಾಗ ನಾವೆಲ್ಲ ನಕ್ಕವರೇ. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯಾ ಓಪನ್ ಸರ್ಫಿಂಗ್ ನಡೆಯಿತು, ಈಗ ಊರಿನ ಹುಡುಗರೇ ಅಲೆಯ ಮೇಲೆ ನಿಲ್ಲುತ್ತಾರೆ. (ಆ ಹಲಗೆಯ ಅಡಿಗೂ ಒಂದು ರೆಕ್ಕೆ ಉಂಟು, 1935ರಲ್ಲಿ ಟಾಮ್ ಬ್ಲೇಕ್ ಹಾಕಿದ್ದು, ಅದರದ್ದೂ ಬದಿಗೆ ಜಾರದಂತೆ ಹಿಡಿಯುವ ಕೆಲಸವೇ.) ಎನ್‌ಸಿಸಿಯ ನೌಕಾ ಘಟಕ ಉಡುಪಿಯಲ್ಲೇ ಇದೆ, ನೌಕಾ ಕೆಡೆಟ್‌ಗಳು ಹಾಯಿ ಕಟ್ಟಲು ಕಲಿಯುವ ವೇಲರ್ ದೋಣಿಗಳಲ್ಲೂ ನಡುವೆ ಇಳಿಸುವ ಹಲಗೆ ಇರುತ್ತದೆ. ಅದು ಕೆಡೆಟ್ ಆದವರಿಗೆ ಮಾತ್ರ ಯಾಕೆ? ಉದ್ಯಾವರ ಹೊಳೆಯಲ್ಲಿ, ಕಾರ್ಕಳದ ರಾಮಸಮುದ್ರದಂತಹ ಕೆರೆಯಲ್ಲಿ ಹತ್ತು ಮಕ್ಕಳಿಗೆ ಎರಡು ಪುಟ್ಟ ದೋಣಿ, ಜೊತೆಗೆ ಕಡಲು ತಿಳಿದ ಒಬ್ಬರು ಹಿರಿಯ ತಾಂಡೇಲರು. ಪಂಚಾಯತು, ಶಾಲೆ, ಯುವಕ ಮಂಡಲ ಯಾರಾದರೂ ಮನಸ್ಸು ಮಾಡಿದರೆ ಆಗುವ ಕೆಲಸ. ಮೊದಲ ದಿನದ ಪಾಠ ಹಾಯಿ ಬಿಚ್ಚುವುದಲ್ಲ, ನಡುಹಲಗೆ ಬಿಚ್ಚಿ ಮತ್ತೆ ಹಾಕುವುದು. ಅದು ಬಂದ ಮಗುವಿಗೆ ದೋಣಿಯ ಅರ್ಧ ಗುಟ್ಟು ಗೊತ್ತಾದ ಹಾಗೆ.

ಇದು ನಾನು ಊಹಿಸಿ ಹೇಳುವುದಲ್ಲ. ಫೆಬ್ರವರಿಯಲ್ಲಿ ಹಲಗೆ ವಾಪಸ್ ಕೂರಿಸುವ ದಿನ ಗೆಳೆಯನ ಮಗಳೂ ಬಂದಳು. ಡಿಸೆಂಬರಿನಿಂದ ತೂಕ ನೋಡುವುದು, ಉಪ್ಪುಕಾಗದ ಉಜ್ಜುವುದು ಎಲ್ಲ ಮಾಡಿದ್ದಳು. ಆದರೆ ದೋಣಿ ಹತ್ತುವ ಮಾತು ಬಂದರೆ ಎದ್ದು ಹೋಗುತ್ತಿದ್ದಳು. ನಾವೂ ಒತ್ತಾಯ ಮಾಡಿರಲಿಲ್ಲ. ಅಂದು ಬೋಲ್ಟು ಹಾಕಿದ್ದು ಅವಳೇ. ಹಾಕಿ, ಹಲಗೆಯನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಹತ್ತಿಪ್ಪತ್ತು ಸಲ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, "ಮಾಮ, ಅವತ್ತು ಇದು ಯಾಕೆ ಸಿಕ್ಕಿಕೊಂಡದ್ದು ಅಂತ ನಂಗೀಗ ಗೊತ್ತುಂಟು. ಹೊಳೆಯಲ್ಲಿ ಮಾತ್ರ ಆದ್ರೆ ಬರ್ತೇನೆ" ಅಂದಳು. ಹೊಳೆಯಲ್ಲಿ ಎರಡು ಸುತ್ತು ಹಾಕಿದೆವು, ಎದುರುಗಾಳಿಗೆ ಹಲಗೆ ಕಚ್ಚಿ ಹಿಡಿದಾಗ ದೋಣಿ ಒಮ್ಮೆ ನಡುಗಿ ಮುಂದಕ್ಕೆ ಹೋಯಿತು. ಅಮ್ಮ ದಡದಲ್ಲಿ ಕೈಕಟ್ಟಿ ನಿಂತಿದ್ದರು. ದೋಣಿ ಮಾರುವ ಮಾತು ಅವರು ವಾಪಸ್ ತೆಗೆದುಕೊಂಡಿಲ್ಲ, ಆದರೆ ಆ ದಿನ ಎತ್ತಲೂ ಇಲ್ಲ. ಕಡಲಿಗೆ ಇನ್ನೂ ಹೋಗಿಲ್ಲ. ಹೋಗುವುದು ಯಾವಾಗ ಅಂತ ಹುಡುಗಿಯೇ ಹೇಳಲಿ.

ಹೊಸ ಹಲಗೆ ತರಿಸಿದ್ದರೆ ಡಿಸೆಂಬರಿನಲ್ಲೇ ಕೆಲಸ ಮುಗಿಯುತ್ತಿತ್ತು. ಅವಳ ಹೆದರಿಕೆ ಮಾತ್ರ ಹಳೆಯದೇ ಉಳಿಯುತ್ತಿತ್ತು.

ಮೇ ಕೊನೆಗೆ ಹಲಗೆ ಬಿಚ್ಚಿ ಮನೆಯೊಳಗೆ ಗೋಡೆಗೆ ಒರಗಿಸಿ ಇಡಬೇಕು ಅಂತ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಮರೆತರೆ ನೀವೇ ನೆನಪಿಸಿ.

ನಿಮ್ಮ ಮನೆಯಲ್ಲಿ ಬಿಚ್ಚಿ ನೋಡದೆ ಮೂಲೆಗೆ ಸೇರಿಸಿದ್ದು ಏನುಂಟು? ಮತ್ತೆ, ನಡುಹಲಗೆ ಎಂಬ ಪದ ನಡೆದೀತೇ? ಬೇರೆ ತೋಚಿದರೆ ಹೇಳಿ, ಬದಲಿಸುವ. ಆದರೆ ಮೊದಲು ಇದನ್ನು ಸ್ವಲ್ಪ ಬಳಸಿ ನೋಡಿ :)